ಯಾವ ನಂಗಿ?

ಸೆವ್ವಂದಿ ಅತಿಥಿಗಳಿಗೆಂದು ಜಿಗಣೆ ಹತ್ತದ ಕೊನೆಯ ಕಾಲುಚೀಲ ಹೊಲಿದು ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಅಂಗಳದಲ್ಲಿ ಹೆಜ್ಜೆ ಸಪ್ಪಳವಾಯಿತು. ತಲೆ ಎತ್ತಿದವಳಿಗೆ ದಾರ ಕಡಿಯುವುದೇ ಮರೆತುಹೋಯಿತು.

ಉದಯಂಗ...

ಆರು ವರ್ಷವಾಗಿತ್ತು. ಅದೇ ನಿಧಾನದ ನಡಿಗೆ, ಕೊರಳಲ್ಲಿ ಅದೇ ಹಳೆಯ ದುರ್ಬೀನು. ಕಿವಿಯ ಬಳಿ ಮಾತ್ರ ನಾಲ್ಕು ಬಿಳಿ ಕೂದಲು.

ನಾಳೆ ಬೆಳಗ್ಗೆ ನಿಮ್ಮಲ್ಲಿ ಉಳಿಯಲು ಆರು ಮಂದಿ ಜಪಾನಿ ಅತಿಥಿಗಳು ಬರುತ್ತಾರೆ, ಅವರಿಗೆ ಸಿಂಹರಾಜ ಕಾಡಿನ ಹಕ್ಕಿ ತೋರಿಸುವವನು ಒಂದು ದಿನ ಮೊದಲೇ ಬರುತ್ತಾನೆ ಎಂದು ಕೊಲಂಬೊದ ಪ್ರವಾಸ ಕಂಪನಿಯವರು ತಿಳಿಸಿದ್ದರು. ಹೆಸರು ಹೇಳಿರಲಿಲ್ಲ.

"ಬನ್ನಿ ಮಹತ್ತಯಾ," ಎಂದಳು.

ಮೇಷ್ಟರಿಗೆ, ಸಾಹೇಬರಿಗೆ ಹೇಳುವ ಆ ಪದ ಕೇಳಿ ಅವನ ನಗು ಅರ್ಧಕ್ಕೇ ನಿಂತಿತು. ಒಂದು ಕಾಲದಲ್ಲಿ ಅವನು ಅವಳ ಬಾಯಲ್ಲಿ ಅಯ್ಯಾ ಆಗಿದ್ದ.

ಆಗ ಸೆವ್ವಂದಿಯ ಅಪ್ಪ ಬದುಕಿದ್ದರು. ಹಕ್ಕಿಯ ಕೂಗು ಕಲಿಯಲೆಂದು ಉದಯಂಗ ಅವರ ಹಿಂದೆ ಎರಡು ವರ್ಷ ಅಲೆದಿದ್ದ. ನಸುಕಿಗೆ ಸೆವ್ವಂದಿ ಸೊಪ್ಪಿನ ಗಂಜಿ ಕಾಯಿಸುತ್ತಿದ್ದಳು. ಒಂದು ಲೋಟ ಅಪ್ಪನಿಗೆ, ಒಂದು ಅವನಿಗೆ, ಕಚ್ಚಿಕೊಳ್ಳಲು ಒಂದೊಂದು ತುಂಡು ಬೆಲ್ಲ. ಅವನಿಗೆ ಕೊಡುವ ತುಂಡು ಯಾವಾಗಲೂ ಒಂದಿಷ್ಟು ದೊಡ್ಡದು. ಅದನ್ನು ಅಪ್ಪ ನೋಡಿಯೂ ನೋಡದಂತಿರುತ್ತಿದ್ದರು.

ಕೊಲಂಬೊದಲ್ಲಿ ಕೆಲಸ ಸಿಕ್ಕಿ ಅವನು ಹೊರಟ ದಿನ, ಕಾಡಿನ ಗೇಟಿನವರೆಗೂ ಅವಳು ಜೊತೆಗೆ ನಡೆದಿದ್ದಳು. ಗಾರ್ಡ್ ತಮಾಷೆಗೆ ಕೇಳಿದ್ದ, ಈ ಹುಡುಗಿ ನಿನಗೆ ಏನಾಗಬೇಕಪ್ಪಾ ಎಂದು.

"ನಂಗಿ," ಎಂದಿದ್ದ ಉದಯಂಗ.

ಸಿಂಹಳದಲ್ಲಿ ತಂಗಿಗೂ ನಂಗಿ, ಒಲಿದವಳಿಗೂ ನಂಗಿ. ಅಣ್ಣನಿಗೂ ಅಯ್ಯಾ, ಒಲಿದವನಿಗೂ ಅಯ್ಯಾ. ಯಾವುದು ಯಾವುದೆಂದು ದನಿ ಕೇಳಿ ತಿಳಿಯಬೇಕು. ಆ ದನಿಯನ್ನು ಸೆವ್ವಂದಿ ಸಾವಿರ ಸಲ ನೆನಪಿಸಿಕೊಂಡಿದ್ದಳು. ಪ್ರತಿ ಸಲವೂ ಅದು ತಂಗಿಯೆಂದೇ ಕೇಳಿಸಿತ್ತು... ಹಾಗಲ್ಲದಿದ್ದರೆ ಗಾರ್ಡನ ಎದುರು ಅಷ್ಟು ಸಲೀಸಾಗಿ ಹೇಳುತ್ತಿದ್ದನೇ?

ಅಡಿಗೆಮನೆಯಿಂದ ಅಮ್ಮ ಸೋಮಾವತಿ ಹೊರಗೆ ಬಂದರು. ಉದಯಂಗನನ್ನು ಕಂಡು ಹಿಗ್ಗಿದರು, ಇಷ್ಟು ಸೊರಗಿದ್ದೀಯಲ್ಲ ಎಂದು ಬೈದರು. ಮರುಗಳಿಗೆಯೇ ಮಗಳ ಕಡೆ ತಿರುಗಿ, ಮಾತರ ಊರಿನ ಮೇಷ್ಟರ ಮನೆಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡಲೇಬೇಕು, ಜಾತಕ ಕೂಡಿ ತಿಂಗಳಾಯಿತು, ಹೂಂ ಅಥವಾ ಊಹೂಂ ಎಂದು ನೆನಪಿಸಿದರು.

ಉದಯಂಗ ಸುಮ್ಮನೆ ದುರ್ಬೀನಿನ ಗಾಜು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಅತಿಥಿಗಳ ಪಟ್ಟಿಯಲ್ಲಿ ಮೊದಲ ಹೆಸರೇ ಕಪ್ಪೆಬಾಯಿ ಹಕ್ಕಿಯದು. ಹಗಲೆಲ್ಲ ಒಂದೇ ಕೊಂಬೆಯಲ್ಲಿ ಒಣಗಿದ ಎಲೆಯಂತೆ ಕೂತಿರುವ ಅದರ ಜಾಗವನ್ನು ಹಿಂದಿನ ದಿನವೇ ಗುರುತು ಮಾಡಿಡಬೇಕು. ಅವನಿಗೆ ಗೊತ್ತಿದ್ದ ಬಿದಿರಿನ ಮೆಳೆ ಹೋದ ವರ್ಷದ ಗಾಳಿಗೆ ಮಲಗಿಬಿಟ್ಟಿತ್ತು. ಹೊಸ ಜಾಗ ಗೊತ್ತಿದ್ದದ್ದು ಸೆವ್ವಂದಿಗೆ ಮಾತ್ರ. ಅಪ್ಪ ಹೋದ ಮೇಲೂ ಅವಳು ವಾರಕ್ಕೊಮ್ಮೆ ಹೋಗಿ ನೋಡಿ, ಅವರ ಪುಸ್ತಕದಲ್ಲಿ ಬರೆದಿಡುತ್ತಿದ್ದಳು.

ಇಬ್ಬರೂ ಹೊರಟರು. ಕಾಲಡಿಯಲ್ಲಿ ಒದ್ದೆ ಎಲೆ, ಎಲ್ಲೋ ಕಾಡುಕೋಳಿಯ ಕೂಗು.

ಹೊಸ ಮೆಳೆಯ ಬಳಿ ಉದಯಂಗ ಜಿಗಣೆ ಕೀಳಲು ಬಗ್ಗಿದ. ಪ್ಯಾಂಟು ಮೇಲೆ ಸರಿಯಿತು. ಮೊಣಕಾಲಿನವರೆಗೆ ಬಿಗಿದು ಕಟ್ಟಿದ ಜಿಗಣೆ ಕಾಲುಚೀಲ... ಬಿಳಿ ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂಚಿಗೆ ನೀಲಿ ದಾರ.

ಸೆವ್ವಂದಿ ಬಗ್ಗಿ ಆ ಅಂಚನ್ನು ಹತ್ತಿರದಿಂದ ನೋಡಿದಳು.

"ಇದು..."

"ನೀನೇ ಹೊಲಿದಿದ್ದು. ಬಿಳಿ ದಾರ ಮುಗೀತು ಅಂತ ನೀಲಿ ಹಾಕಿದ್ದೆ. ಒಂದು ಉದ್ದ, ಒಂದು ಗಿಡ್ಡ."

"ಕಂಪನಿಯವರು ಹೊಸದು ಕೊಡಲ್ವಾ?"

"ಕೊಡ್ತಾರೆ. ವರ್ಷಕ್ಕೆರಡು ಜೊತೆ. ಹಾಗೇ ಇದಾವೆ."

ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ತಂಗಿ ಹೊಲಿದಿದ್ದು ಅಂತ ಅಷ್ಟು ಜೋಪಾನಾನಾ?"

"ತಂಗೀನಾ? ಯಾರು?"

"ಗೇಟಿನ ಹತ್ರ ಗಾರ್ಡ್ ಕೇಳ್ದಾಗ ನಂಗಿ ಅಂದಿರಲ್ಲ."

ಉದಯಂಗ ಅವಳನ್ನೇ ನೋಡುತ್ತ ನಿಂತುಬಿಟ್ಟ. ಕಾಡಿನಲ್ಲಿ ದನಿ ಎತ್ತಬಾರದೆಂದು ಅವಳ ಅಪ್ಪ ಕಲಿಸಿದ್ದು ಅವನಿಗೆ ಈಗಲೂ ನೆನಪಿತ್ತು. ಪಿಸುಮಾತಿನಲ್ಲೇ ಹೇಳಿದ.

"ನನಗೆ ಅಕ್ಕತಂಗಿ ಯಾರೂ ಇಲ್ಲ ಸೆವ್ವಂದಿ. ನಮ್ಮ ಮನೇಲಿ ನಂಗಿ ಅಂತ ಕರಿಯೋದು ಒಬ್ಬರೇ, ನಮ್ಮಪ್ಪ. ಅಮ್ಮನ್ನ. ಮದುವೆಯಾಗಿ ಮೂವತ್ತೆಂಟು ವರ್ಷ, ಇವತ್ತಿಗೂ ಹೆಸರು ಹಿಡಿದು ಕರೆದಿಲ್ಲ. ಆ ದಿನ ನನ್ನ ಬಾಯಿಗೆ ಬಂದಿದ್ದು ಅದೇ ನಂಗಿ."

ಅವಳ ಕಣ್ಣು ಮಂಜಾಯಿತು. "ಮತ್ತೆ... ಆಮೇಲೆ ಯಾಕೆ ಬರ್ಲಿಲ್ಲ?"

"ಹೊಸ ವರ್ಷಕ್ಕೆ ಕಾರ್ಡು ಕಳಿಸಿದ್ದೆಯಲ್ಲ. 'ಸ್ವಂತ ಅಣ್ಣನಂತಿರುವ' ಅಂತ ಬರ್ದಿದ್ದೆ. ಅದನ್ನ ಓದಿ ಇನ್ಯಾವ ಮುಖ ಇಟ್ಕೊಂಡು ಬರ್ಲಿ?"

ಆ ಒಂದು ಸಾಲನ್ನು ಅವಳು ನಾಲ್ಕು ಸಲ ಬರೆದು ಹರಿದು, ಐದನೆಯ ಸಲ ಕಣ್ಣೊರೆಸಿಕೊಂಡು ಬರೆದಿದ್ದಳು. ಅವನು ತಂಗಿ ಅಂದ ಮೇಲೆ ತಾನು ಅಣ್ಣ ಅನ್ನದಿದ್ದರೆ ತಪ್ಪಾಗುತ್ತದೆಂದು!

ಅವನೇ ಮತ್ತೆ ಕೇಳಿದ. "ಆ ಫೋನು... ಇವತ್ತು ಸಂಜೇನೇನಾ?"

ಅವಳು ಅವನ ಭುಜದ ಮೇಲಿಂದ ಬೆರಳು ತೋರಿಸಿದಳು. ಮೂರು ಮಾರು ದೂರದ ಬಳ್ಳಿಯ ಮೇಲೆ ಎರಡು ಒಣ ಎಲೆ, ಒಂದು ಬೂದು, ಒಂದು ಕೆಂಗಂದು, ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಬೂದು ಬಣ್ಣದ್ದು ನಿಧಾನವಾಗಿ ಒಂದು ಕಣ್ಣು ತೆರೆದು ಮುಚ್ಚಿತು.

"ಯಾವಾಗ ಬಂದ್ವು?" ಎಂದ ಉದಯಂಗ.

"ಬರೋದೇನು? ನಾವು ಬಂದಾಗಿಂದ ಇಲ್ಲೇ ಇದಾವೆ. ನೀವು ನೋಡ್ಲಿಲ್ಲ ಅಷ್ಟೇ."

ಅವರು ಮನೆ ಮುಟ್ಟಿದಾಗ ಅಮ್ಮ ಬುದ್ಧನ ಮುಂದೆ ದೀಪ ಹಚ್ಚಿ, ಫೋನ್ ಹಿಡಿದು ಕಾಯುತ್ತಿದ್ದರು.

"ಏನಂತ ಹೇಳ್ಲೇ?"

"ಊಹೂಂ ಅಂತ ಹೇಳಮ್ಮ."

ಸೋಮಾವತಿ ಮಗಳ ಮುಖ ನೋಡಿದರು. ಪ್ಯಾಂಟು ಮಡಚಿಕೊಂಡು ಬಾಗಿಲಲ್ಲಿ ನಿಂತಿದ್ದವನ ಕಾಲುಚೀಲದ ನೀಲಿ ದಾರವನ್ನೂ ನೋಡಿದರು. "ಹಕ್ಕಿ ಹುಡುಕೋಕೆ ಹೋದೋರಿಗೆ ಹಕ್ಕೀನಾದ್ರೂ ಸಿಕ್ತಾ?" ಎಂದು ಗೊಣಗುತ್ತ ಫೋನ್ ಹಿಡಿದು ಹಿತ್ತಲಿಗೆ ನಡೆದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಸೆವ್ವಂದಿ ಚಹಾ ತಂದಳು. ಅಂಗೈಯಲ್ಲಿ ಬೆಲ್ಲದ ತುಂಡು, ಹಿಂದಿನಂತೆಯೇ ಒಂದಿಷ್ಟು ದೊಡ್ಡದು.

"ತಗೊಳ್ಳಿ, ಅಯ್ಯಾ."

ಉದಯಂಗ ಬೆಲ್ಲ ತೆಗೆದುಕೊಳ್ಳಲಿಲ್ಲ. "ಈ ಸಲ ಕೇಳಿಬಿಡ್ತೀನಿ. ಯಾವ ಅಯ್ಯಾ?"

ಅವಳು ನೆಲ ನೋಡುತ್ತ ನಕ್ಕಳು.

"ನಿಮ್ಮಮ್ಮ ನಿಮ್ಮಪ್ಪನ್ನ ಕರೀತಾರಲ್ಲ... ಆ ಅಯ್ಯಾ."