ಸಾಲಿನ ಕೊನೆಯ ಜಾಗ

ಬೆಳಗಿನಿಂದ ಬಿಸಿಲಲ್ಲಿ ನಿಂತು ಅವಳು ಗೋಡೆಯ ಮೇಲೆ ಬರೆದಿದ್ದ ಮುಖಕ್ಕೆ ಅವನು ಒಂದು ಬಕೆಟ್ ನೀರು ಎರಚಿಬಿಟ್ಟ.

ಹೇಳಲಿಲ್ಲ, ಕೇಳಲಿಲ್ಲ. ಬಂದ, ಒಂದು ನಿಮಿಷ ನೋಡಿದ, ಬಕೆಟ್ ಎತ್ತಿದ, ಎರಚಿದ.

ಅವಳು ಬ್ರಷ್ ಬಿಟ್ಟು ಗೋಡೆಯ ಹತ್ತಿರ ಓಡಿದಳು. ಆದರೆ ಮರುಕ್ಷಣವೇ ಒಳಗೊಳಗೆ ಹೆಮ್ಮೆಯೂ ಎದ್ದಿತು. ನೀರೆಲ್ಲ ಇಳಿದುಹೋದರೂ ಮುಖ ಇದ್ದ ಹಾಗೇ ಇತ್ತು, ಒಂದು ಗೆರೆಯೂ ಕದಲಿರಲಿಲ್ಲ. 'ಬೇಕಾದರೆ ಇನ್ನೊಂದು ಬಕೆಟ್ ಎರಚು' ಎಂದುಕೊಂಡಳು ಮನಸ್ಸಿನಲ್ಲೇ. ಅವಳು ಅಂಗಡಿಗಳಿಗೆ ಬೋರ್ಡ್ ಬರೆಯುವವನ ಮಗಳು. ಮಳೆಗೆ ಅಕ್ಷರ ಕರಗಿದರೆ ಮನೆಯ ಮರ್ಯಾದೆಯೇ ಕರಗಿದ ಹಾಗೆ ಎಂದು ನಂಬಿ ಬೆಳೆದವಳು.

"ಇದು ನಡೆಯಲ್ಲ," ಎಂದ ಅವನು.

"ಯಾಕೆ? ಏನಾದ್ರೂ ಅಳಿಸಿಹೋಯ್ತಾ?"

"ಅಳಿಸಿಹೋಗಲಿಲ್ಲ. ಅದಕ್ಕೇ ನಡೆಯಲ್ಲ."

ಜೀವಮಾನದಲ್ಲಿ ಯಾರೂ ಅವಳ ಕೆಲಸಕ್ಕೆ ಇಂಥ ತಪ್ಪು ಹಿಡಿದಿರಲಿಲ್ಲ!

ಅವನು ಕೆಲಸ ಮಾಡುತ್ತಿದ್ದ ಸಂಸ್ಥೆ ಒಂದು ಸೈಕಲ್ ಅಂಗಡಿಯ ಮೇಲಿನ ಮೂರು ಕೋಣೆಗಳಲ್ಲಿತ್ತು. ಮೆಟ್ಟಿಲುಗಳ ಮೇಲೆ ಅಟ್ಟಣಿಗೆ ಕಟ್ಟುವ ಕಬ್ಬಿಣದ ಕೊಳವೆಗಳು ಬಿದ್ದಿರುತ್ತಿದ್ದವು, ಬಂದವರೆಲ್ಲ ಒಮ್ಮೆಯಾದರೂ ಎಡವಲೇಬೇಕು. ಊರಿನ ಖಾಲಿ ಗೋಡೆ ಹುಡುಕುವುದು, ಯಜಮಾನರ ಬೆನ್ನು ಬಿದ್ದು ಒಪ್ಪಿಗೆ ಪಡೆಯುವುದು, ಕಲಾವಿದರಿಗೆ ಬಣ್ಣವನ್ನೂ ಅಟ್ಟಣಿಗೆಯನ್ನೂ ಒದಗಿಸುವುದು, ಬೇಸಿಗೆಯ ಇಪ್ಪತ್ತೊಂದು ದಿನ ಚಿತ್ರವನ್ನು ಊರಿಗೆ ತೋರಿಸುವುದು... ಇದು ಅವರ ಕಸುಬು. ಆಮೇಲೆ ಚಿತ್ರ ತೊಳೆದು ಗೋಡೆಯನ್ನು ಮೊದಲಿದ್ದ ಹಾಗೇ ವಾಪಸ್ ಕೊಡಬೇಕು. ಆ ಕೊನೆಯ ಕೆಲಸ ಅವನದು. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದನಾದ್ದರಿಂದ ಕಲಾವಿದರೆಲ್ಲ ಅವನನ್ನು ಬೆನ್ನ ಹಿಂದೆ, ಕೆಲವೊಮ್ಮೆ ಮುಂದೆಯೂ, 'ಅಳಿಸೋ ಸಾಹೇಬ್ರು' ಎನ್ನುತ್ತಿದ್ದರು.

ಸಂಸ್ಥೆಯನ್ನು ನಡೆಸುತ್ತಿದ್ದ ನರೆಗೂದಲಿನ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಈ ಗೋಡೆ ನೀರು ಸರಬರಾಜು ಇಲಾಖೆಯದು, ಬಸ್ ನಿಲ್ದಾಣದ ಎದುರಿಗೇ ಅರವತ್ತು ಅಡಿ ಉದ್ದ, ಇದಕ್ಕಾಗಿ ಎರಡು ವರ್ಷ ಚಪ್ಪಲಿ ಸವೆಸಿದ್ದೇವೆ ಎಂದು ಅವರು ಅವಳಿಗೆ ವಿವರಿಸಿದರು. ಇದನ್ನು ಚೊಕ್ಕವಾಗಿ ಹಿಂದಿರುಗಿಸಿದರೆ ಇಲಾಖೆ ಇನ್ನೂ ಒಂಬತ್ತು ಗೋಡೆ ಕೊಡುತ್ತದೆ. ಒಂಬತ್ತು ಮಂದಿ ಕಲಾವಿದರು ಕಾಯುತ್ತಿದ್ದಾರೆ. ಒಂದು ಕಲೆ ಉಳಿದರೂ ಒಂಬತ್ತೂ ಹೋದವು. ಹಾಗಾಗಿ ಬಣ್ಣಕ್ಕೆ ಅಂಟು ಬೆರೆಸುವಂತಿಲ್ಲ.

ಬೋರ್ಡ್ ಬರೆಯುವವಳಿಗೆ ಅಂಟಿಲ್ಲದ ಬಣ್ಣವೆಂದರೆ ಉಪ್ಪಿಲ್ಲದ ಊಟ. ಆದರೂ ಅವಳು ಹಟ ಹಿಡಿದಳು. ಮೂರು ದಿನ ಸುಣ್ಣ, ಬಣ್ಣದ ಪುಡಿ, ನೀರು ಎಂದು ಹದ ನೋಡಿ ನೋಡಿ ಇನ್ನೊಂದು ಮುಖ ಬರೆದಳು. ಅವನು ಬಕೆಟ್ ಎತ್ತುವ ಮೊದಲೇ ಕೈ ಚಾಚಿದಳು.

"ಕೊಡಿ. ನಾನೇ ಎರಚ್ತೀನಿ."

ಮುಖ ಬಣ್ಣದ ನೀರಾಗಿ ಚರಂಡಿಗೆ ಇಳಿಯಿತು. ಅವಳು ಖಾಲಿ ಬಕೆಟ್ ಕೆಳಗಿಟ್ಟು, ಕೊನೆಯ ಹನಿ ಇಳಿಯುವವರೆಗೂ ನೋಡಿದಳು. ಅವನು ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ.

"ಇಲ್ಲಿ ಬರ್ದೋರು ಯಾರೂ ಬಕೆಟ್ ಕೇಳಿರ್ಲಿಲ್ಲ," ಎಂದ.

ಅಲ್ಲಿಂದ ಹದಿನೈದು ದಿನ ಅವಳು ಗೋಡೆಯ ಮೇಲೆ ಜನರ ಒಂದು ಸಾಲು ಬರೆದಳು. ಬಸ್ಸಿಗಾಗಿ ದಿನವೂ ನಿಲ್ಲುವವರೇ ಇಪ್ಪತ್ತಮೂರು ಮಂದಿ, ಆಳೆತ್ತರ: ಟಿಫಿನ್ ಡಬ್ಬಿಯ ನರ್ಸು, ನಿಂತೇ ತೂಕಡಿಸುವ ಕಾವಲುಗಾರ, ಜಗಳ ಆಡಿಕೊಂಡು ಮುಖ ತಿರುಗಿಸಿದ ಗಂಡ ಹೆಂಡತಿ. ತೂಕಡಿಸುವ ಕಾವಲುಗಾರ ಬಂದು ತನ್ನನ್ನೇ ನೋಡಿಕೊಂಡು, ಹೊಟ್ಟೆ ಸ್ವಲ್ಪ ಒಳಗೆ ಹಾಕಮ್ಮ ಎಂದು ಬೇಡಿಕೊಂಡ. ಸಾಲಿನ ಕೊನೆಯಲ್ಲಿ ಮರದ ಸ್ಟೂಲಿನ ಮೇಲೆ ಕೂತ ಒಬ್ಬ ಮುದುಕ, ಅವಳ ಅಪ್ಪ. ಅವನ ಹಿಂದೆ, ಗೋಡೆಯ ಹಳೆಯ ಬಿರುಕಿನ ಪಕ್ಕ, ಒಬ್ಬರು ನಿಲ್ಲುವಷ್ಟು ಜಾಗವನ್ನು ಖಾಲಿ ಬಿಟ್ಟಿದ್ದಳು. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಬಂದು ಸಾಲಿನಲ್ಲಿ ನಿಲ್ಲಬಹುದು.

ಅಪ್ಪ ದಿನವೂ ಬರುತ್ತಿದ್ದರು. ಕೈ ನಡುಗಲು ಶುರುವಾದ ಮೇಲೆ ಅವರು ಬ್ರಷ್ ಹಿಡಿದಿರಲಿಲ್ಲ. ಬಣ್ಣ ಕಲಸುವುದು ಮಾತ್ರ ನಾನೇ ಎಂದು ಹಟ ಮಾಡಿ ಎರಡನೇ ವಾರದಿಂದ ಆ ಕೆಲಸಕ್ಕೆ ಕೂತರು. ಡಬ್ಬಿಯ ಮುಚ್ಚಳಗಳ ಮೇಲೆ ಬಣ್ಣದ ಹೆಸರನ್ನು ನಡುಗುವ ಕೈಯಲ್ಲೇ, ಆದರೂ ಚೆಂದದ ಬಾಗು ಅಕ್ಷರದಲ್ಲಿ ಬರೆಯುತ್ತಿದ್ದರು.

ಅವನೂ ದಿನವೂ ಬರುತ್ತಿದ್ದ. ಪ್ರತಿ ಡಬ್ಬಿಯ ಬಣ್ಣವನ್ನೂ ಒಂದು ಹಲಗೆಗೆ ಬಳಿದು, ಒಣಗಿಸಿ, ತೊಳೆದು ನೋಡಿ ಹಾಳೆಯಲ್ಲಿ ಸಹಿ ಹಾಕುವುದು ನಿಯಮ. ಎರಡನೇ ವಾರದಿಂದ ಹಲಗೆ ಬದಿಗೆ ಸರಿಯಿತು. ಬರುವುದು, ಸಹಿ ಹಾಕುವುದು, ಆಮೇಲೆ ಎರಡು ಲೋಟ ಚಹಾ ಹಿಡಿದು ಆ ಖಾಲಿ ಜಾಗದಲ್ಲಿ ನಿಂತು ಅವಳ ಕೈಯನ್ನೇ ನೋಡುವುದು.

"ಪರೀಕ್ಷೆ ಮಾಡಲ್ವಾ?" ಎಂದು ಅವಳು ಒಮ್ಮೆ ಕೇಳಿದ್ದಳು.

"ನೀವು ಬಕೆಟ್ ಕೇಳಿದ ದಿನವೇ ಮಾಡಿಯಾಯ್ತು."

ಆ ಮಾತು ಅವಳೊಳಗೆ ಎಷ್ಟು ದಿನ ಬೆಚ್ಚಗೆ ಕೂತಿತ್ತೋ! ಅಟ್ಟಣಿಗೆಯ ಮೇಲೆ ನಿಂತು ಎಷ್ಟೋ ಸಲ ಸುಮ್ಮಸುಮ್ಮನೆ ನಕ್ಕಿದ್ದಳು. ಕೆಳಗೆ ಕೂತ ಅಪ್ಪ ತಲೆ ಎತ್ತಿ ನೋಡಿ, ಕಂಡೂ ಕಾಣದವರ ಹಾಗೆ ಬಣ್ಣ ತಿರುವುತ್ತಿದ್ದರು.

ಊರಿಗೆ ತೋರಿಸುವ ಇಪ್ಪತ್ತೊಂದು ದಿನವೂ ಮುಗಿಯಿತು.

ಗೋಡೆ ತೊಳೆಯುವುದನ್ನು ನೋಡಲು ಅರ್ಧ ಬಸ್ ನಿಲ್ದಾಣವೇ ನೆರೆದಿತ್ತು. ಅವನು ಪೈಪು ಹಿಡಿದ. ನರ್ಸು ಕರಗಿದಳು, ಕಾವಲುಗಾರ ಕರಗಿದ. ಒಬ್ಬೊಬ್ಬರಾಗಿ ಹನ್ನೆರಡು ಜನ ಚರಂಡಿ ಸೇರಿದರು. ಹದಿಮೂರನೆಯ ಹೆಂಗಸಿನ ಮೇಲೆ ನೀರು ಬಿತ್ತು. ಅವಳು ಕದಲಲಿಲ್ಲ. ಹದಿನಾಲ್ಕನೆಯವನೂ ಕದಲಲಿಲ್ಲ. ನೀರು ಇಳಿದಂತೆಲ್ಲ ಹನ್ನೊಂದು ಜನ ಇನ್ನಷ್ಟು ಹೊಳೆಯುತ್ತ ನಿಂತರು.

ಜನ ಚಪ್ಪಾಳೆ ತಟ್ಟಿದರು. ಅವಳು ಮುಂದೆ ಹೋಗಿ ಹದಿಮೂರನೆಯವಳ ಸೆರಗನ್ನು ಉಜ್ಜಿ ನೋಡಿದಳು, ಬಣ್ಣ ಬೆರಳಿಗೆ ಹತ್ತಲಿಲ್ಲ.

ತಿರುಗಿ ನೋಡಿದಳು. ಅಪ್ಪ ಜನರ ಹಿಂದೆ ತಮ್ಮ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ನಡುಗುವ ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದಿದ್ದರು. ಅಷ್ಟು ಸಾಕಾಯಿತು ಅವಳಿಗೆ.

ಅವನು ಪೈಪು ಬಿಟ್ಟು ಹತ್ತಿರ ಬಂದ. "ಅಂಟು ಹಾಕಿದ್ರಾ?"

'ಹೇಳಿಬಿಡಲೇ? ಹೇಳಿದರೆ ಈ ಜನರೆದುರು ಅಪ್ಪನ ನಲವತ್ತು ವರ್ಷದ ಹೆಸರು... ಇನ್ನು ಯಾವತ್ತೂ ಡಬ್ಬಿ ಮುಟ್ಟುವುದಿಲ್ಲ ಇವರು.'

"ಹೌದು," ಎಂದಳು. "ನಾನೇ ಹಾಕ್ದೆ."

ಅವನು ಹೋಗಿ ನೀರು ನಿಲ್ಲಿಸಿ ಬಂದ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

"ಪರೀಕ್ಷೆ ಮಾಡಿದ್ದೀನಿ ಅಂತ ಸಹಿ ಹಾಕಿದೋನು ನಾನು," ಎಂದ ಕೊನೆಗೆ. "ಮಾಡದೇ ಹಾಕಿದ್ದೆ. ನಿಮ್ಮನ್ನ ನಂಬಿ."

ಪೈಪು ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಮನೆಯಲ್ಲಿ ಅಪ್ಪ ತಾವಾಗಿಯೇ ಬಾಯಿಬಿಟ್ಟರು. ಬಡಗಿಗಳು ಬಳಸುವ ಬಿಳಿ ಅಂಟು, ಪ್ರತಿ ಡಬ್ಬಿಗೂ ಒಂದೊಂದು ಸೌಟು. "ನಲವತ್ತು ವರ್ಷ ಬರ್ದೆ ಪುಟ್ಟಿ. ಇವತ್ತು ಊರಲ್ಲಿ ಹುಡುಕಿದ್ರೆ ನಂದು ಒಂದು ಬೋರ್ಡ್ ಇಲ್ಲ. ಎಲ್ಲದರ ಮೇಲೂ ಫ್ಲೆಕ್ಸ್ ಬಂತು. ನಿಂದಾದ್ರೂ ಉಳೀಲಿ ಅನ್ನಿಸ್ತು. ತಪ್ಪು ಅಂತ ಗೊತ್ತಿತ್ತು... ಕೈ ಕೇಳಲಿಲ್ಲ."

ಬೈಯಬೇಕೆಂದುಕೊಂಡಿದ್ದವಳು ಅವರ ಕೈಯನ್ನು ತನ್ನ ಕೈಯೊಳಗೆ ಹಿಡಿದು ಕೂತಳು.

ಇಲಾಖೆಯ ಎಂಜಿನಿಯರ್ ಗೋಡೆ ನೋಡಲು ಬರಲು ಮೂರು ದಿನ ಇತ್ತು. ಅವಳು ದೊಡ್ಡಮ್ಮನ ಬಳಿ ಹೋಗಿ, ಮೂರು ದಿನದಲ್ಲಿ ಗೋಡೆ ಮೊದಲಿನ ಹಾಗೆ ಮಾಡಿಕೊಡುತ್ತೇನೆ ಎಂದಳು. ತಂತಿಬ್ರಷ್ ತಾಗಿಸುವಂತಿಲ್ಲ, ಹಳೆಯ ಗಾರೆ ಕಿತ್ತುಬರುತ್ತದೆ, ಬಿಸಿನೀರು, ಬಟ್ಟೆ ಅಷ್ಟೇ ಎಂದು ಅವರು ಎಚ್ಚರಿಸಿದರು. ಆಗಲಿ ಎಂದಳು. ಒಬ್ಬಳೇ ಆಗುತ್ತದಾ ಎಂದಾಗಲೂ ಆಗಲಿ ಎಂದಳು.

ಬೆಳಕು ಹರಿಯುತ್ತಿದ್ದಂತೆ ಸ್ಟೌ, ಹಂಡೆ, ಹಳೆಯ ಬಟ್ಟೆಗಳ ಗಂಟಿನೊಂದಿಗೆ ಗೋಡೆಯ ಮುಂದೆ ನಿಂತಳು. ಬಿಸಿ ಬಟ್ಟೆ ಒತ್ತಿ ಹಿಡಿಯಬೇಕು, ಅಂಟು ಮೆತ್ತಗಾಗುವವರೆಗೆ ಕಾಯಬೇಕು, ಆಮೇಲೆ ಮೆಲ್ಲಗೆ ಒರೆಸಬೇಕು. ಒಂದು ಮುಖಕ್ಕೇ ಒಂದು ಗಂಟೆ. ತಾನೇ ಜೀವ ಕೊಟ್ಟ ಕಣ್ಣನ್ನು ತಾನೇ ಒರೆಸುವಾಗ ಅತ್ತಳು. ಅಳುತ್ತಲೇ ಒರೆಸಿದಳು, ಕೈ ಮಾತ್ರ ನಿಲ್ಲಿಸಲಿಲ್ಲ. ಸಂಜೆಗೆ ಅಂಗೈ ತುಂಬ ಬೊಬ್ಬೆ, ಹೋಗಿದ್ದು ಮೂರೇ ಜನ.

'ಇನ್ನೂ ಎಂಟು. ಲೆಕ್ಕ ತಪ್ಪುತ್ತಿದೆ. ತಪ್ಪಲಿ, ನಾನು ನಿಲ್ಲಲ್ಲ.'

ಎರಡನೇ ದಿನ ಅವಳು ಬರುವಷ್ಟರಲ್ಲಿ ಗೋಡೆಯ ಮುಂದೆ ಸ್ಟೌ ಉರಿಯುತ್ತಿತ್ತು. ಅವನು ಅಂಗಿಯ ತೋಳು ಮಡಚಿ, ಹತ್ತೊಂಬತ್ತನೆಯವನ ಭುಜಕ್ಕೆ ಬಿಸಿ ಬಟ್ಟೆ ಒತ್ತಿ ನಿಂತಿದ್ದ.

"ನೀವು ಹದಿನಾರರಿಂದ ಈ ಕಡೆ ಬನ್ನಿ," ಎಂದ, ತಿರುಗದೆ.

ತನ್ನ ಸಹಿಯ ಮರ್ಯಾದೆ ಉಳಿಸಿಕೊಳ್ಳಲು ಬಂದಿದ್ದಾನೆ ಎಂದುಕೊಂಡಳು. ಆದರೂ ಬಟ್ಟೆ ಅದ್ದಿದಳು. ಮಧ್ಯಾಹ್ನದವರೆಗೆ ಇಬ್ಬರೂ ಒರೆಸಿದರು. ಆಮೇಲೆ ಅವನು ಜೇಬಿನಿಂದ ಒಂದು ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದಿಟ್ಟ. ಬಾಗು ಅಕ್ಷರದಲ್ಲಿ 'ನೀಲಿ' ಎಂದು ಬರೆದಿತ್ತು.

"ಡಬ್ಬಿಗಳನ್ನ ವಾಪಸ್ ಇಡೋವಾಗ ತಳದಲ್ಲಿದ್ದ ಬಣ್ಣ ಹಲಗೆಗೆ ಬಳಿದು ನೋಡ್ದೆ. ನಿಮ್ಮ ಕೈಬರಹದ ಡಬ್ಬಿ ಎಲ್ಲಾ ತೊಳೆದುಹೋದ್ವು. ಈ ಅಕ್ಷರದ್ದು ಒಂದೂ ಹೋಗಲಿಲ್ಲ." ಮುಚ್ಚಳದ ಮೇಲಿನ ಅಕ್ಷರವನ್ನು ಬೆರಳಿನಿಂದ ಮುಟ್ಟಿದ. "ನನಗಾದ್ರೂ ಹೇಳಬಹುದಿತ್ತಲ್ಲ."

"ಅಪ್ಪನಿಗೆ ಉಳಿದಿರೋದು ಆ ಡಬ್ಬಿ ಒಂದೇ. ಅದನ್ನ ಹೇಗೆ ಕಿತ್ಕೊಳ್ಳಲಿ?" ಎಂದಳು. "ಆಮೇಲೆ... ನೀವು ತಿರುಗಿ ನೋಡದೇ ಹೋದ್ರಲ್ಲ."

ಅವನು ಕೈಯಲ್ಲಿದ್ದ ಬಟ್ಟೆಯನ್ನೇ ಹಿಂಡುತ್ತ ನಿಂತ.

"ಹನ್ನೊಂದು ವರ್ಷದಿಂದ ತೊಳೀತಿದ್ದೀನಿ. ಒಂದು ಚಿತ್ರ ಹೋದಾಗಲೂ ಬೇಜಾರಾಗಿರ್ಲಿಲ್ಲ. ಅವತ್ತು ಪೈಪು ಹಿಡಿಯೋಕೇ ಮನಸ್ಸಿರ್ಲಿಲ್ಲ. ನೀರು ಬಿದ್ರೂ ಅವರು ಹೋಗಲಿಲ್ಲ ನೋಡಿ... ಒಂದು ಕ್ಷಣ ಖುಷಿಯಾಗಿಬಿಡ್ತು. ಒಂಬತ್ತು ಗೋಡೆ ಹೋದ್ರೂ ಹೋಗ್ಲಿ ಅನ್ನಿಸ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು. ಅದನ್ನ ನಿಮ್ಮ ಮೇಲೆ ಹಾಕಿ ಹೋದೆ."

ಹಂಡೆಯ ನೀರು ಕುದಿಯುತ್ತಿತ್ತು. ಅವಳು ಇನ್ನೊಂದು ಬಟ್ಟೆ ಅದ್ದಿ, ಹಿಂಡಿ, ಅವನ ಕೈಗೆ ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಅವಳ ಅಂಗೈಯ ಬೊಬ್ಬೆ ಕಂಡು ಅವನು ಆ ಕೈಯನ್ನು ಬಿಡಲೇ ಇಲ್ಲ.

"ಮೆತ್ತಗಾಗಬೇಕಾದ್ದು ಗೋಡೆ ಮೇಲಿನ ಅಂಟು, ನೀವಲ್ಲ. ಒರೆಸಿ ಮೊದಲು," ಎಂದಳು ಅವಳು, ನಗು ತಡೆಯಲಾರದೆ.

ಮೂರನೇ ದಿನ ಮಧ್ಯಾಹ್ನ ಗೋಡೆಯ ಮೇಲೆ ಉಳಿದಿದ್ದು ಸ್ಟೂಲಿನ ಮುದುಕ ಒಬ್ಬನೇ. ಅಪ್ಪ ನಿಜವಾದ ಸ್ಟೂಲನ್ನು ಎಳೆದುಕೊಂಡು ಬಂದು ಅವನೆದುರು ಕೂತರು. ಇಬ್ಬರನ್ನೂ ದೂರ ಸರಿಯಲು ಹೇಳಿ ಬಟ್ಟೆ ಇಸಿದುಕೊಂಡರು.

"ಇವನನ್ನ ಇಲ್ಲಿ ಕೂರಿಸಿದ್ದು ನಾನು. ಎಬ್ಬಿಸೋದೂ ನಾನೇ," ಎಂದು ನಡುಗುವ ಕೈಯಲ್ಲೇ ತಮ್ಮ ಮುಖವನ್ನು ಒರೆಸಿದರು. ಆಮೇಲೆ ಮಗಳ ಪಕ್ಕ ನಿಂತಿದ್ದವನ ಕಡೆ ತಿರುಗಿ, ತಪ್ಪಾಯ್ತಪ್ಪ ಎಂದರು. ಅವನು, ಮುಂದಿನ ಗೋಡೆಗೂ ಬಣ್ಣ ನೀವೇ ಕಲಸಬೇಕು, ಪ್ರತಿ ಡಬ್ಬಿಯನ್ನೂ ನಾನು ತೊಳೆದು ನೋಡುತ್ತೇನೆ ಅಷ್ಟೇ ಎಂದ. ಅಪ್ಪ ಬಹಳ ದಿನದ ಮೇಲೆ ಬಾಯ್ತುಂಬ ನಕ್ಕರು.

ಮರುದಿನ ಎಂಜಿನಿಯರ್ ಹಳೆಯ ಫೋಟೋ ಹಿಡಿದು ಬಂದ. ಬಿರುಕು ಇತ್ತು, ತುಕ್ಕಿನ ಕಲೆ ಇತ್ತು, ಗಾರೆ ಎಲ್ಲೂ ಕಿತ್ತಿರಲಿಲ್ಲ. ಎಂಜಿನಿಯರ್ ಎರಡೆರಡು ಸಲ ನೋಡಿ, 'ಅಳಿಸೋ ಸಾಹೇಬ್ರು' ಬರೆದುಕೊಟ್ಟ ಕಾಗದಕ್ಕೆ ಸಹಿ ಹಾಕಿದ. ಮೂರು ವಾರ ಜನ ಇಲ್ಲಿ ಸಾಲಾಗಿ ನಿಂತು ಬಸ್ ಹತ್ತುತ್ತಿದ್ದರು, ಇನ್ನು ಮತ್ತೆ ನುಗ್ಗುತ್ತಾರೆ ಎಂದು ಗೊಣಗಿ, ಉಳಿದ ಒಂಬತ್ತು ಗೋಡೆಗಳ ಕಾಗದ ವಾರದೊಳಗೆ ಬರುತ್ತದೆ ಎಂದು ಹೇಳಿ ಹೋದ.

ಎಲ್ಲರೂ ಹೊರಟ ಮೇಲೆ ಅವಳು ತಿರುಗಿ ನೋಡಿದಳು. ಅರವತ್ತು ಅಡಿ ಖಾಲಿ ಗೋಡೆ. ಬಿರುಕಿನ ಪಕ್ಕ, ಎರಡು ಲೋಟ ಚಹಾ ಹಿಡಿದು, ಅವನೊಬ್ಬನೇ ನಿಂತಿದ್ದ.

"ಸಾಲು ಅಳಿಸಿ ಆಯ್ತಲ್ಲ," ಎಂದಳು ಹತ್ತಿರ ಹೋಗಿ. "ಇನ್ನೂ ಯಾಕೆ ನಿಂತಿದ್ದೀರಿ?"

"ಗೋಡೆ ಮೊದಲಿನ ಹಾಗೇ ಇದೆ ಅಂತ ಬರ್ಕೊಟ್ಟೆ," ಎಂದ ಅವನು. "ನನ್ನ ಬಗ್ಗೆ ಹಾಗೆ ಬರ್ಕೊಡೋಕೆ ಆಗಲ್ಲ. ಎಷ್ಟು ತೊಳೆದ್ರೂ ಹೋಗದ ಹಾಗೆ ಕೂತಿದ್ದೀರಿ ನೀವು."

ಅವಳು ಲೋಟ ತೆಗೆದುಕೊಂಡು, ಸಾಲಿನಲ್ಲಿ ನಿಲ್ಲುವವರ ಹಾಗೆ ಅವನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಳು.

"ನಾನು ಅಂಟು ಹಾಕಿರ್ಲಿಲ್ಲ," ಎಂದಳು.

"ಗೊತ್ತು."

"ಈಗ ಹಾಕ್ಲಾ?"

"ಹಾಕಿ," ಎಂದ ಅವನು. "ಇದಕ್ಕೆ ಯಾರ ಒಪ್ಪಿಗೆಯೂ ಬೇಡ."