ಕ್ಲಚ್ ಮೇಷ್ಟ್ರ ಕಾರಿನ ಬ್ರೇಕು

ಗುರುವಾರ ಬೆಳಗ್ಗೆ ಠಾಣೆಗೆ ಬಂದ ಹೆಂಗಸು ಅಳುತ್ತಿರಲಿಲ್ಲ. ಹಿಂದಿನ ದಿನ ಸಂಜೆ ಅವಳ ಗಂಡ ತೀರಿಹೋಗಿದ್ದ. ಲಾಂಡ್ರಿ ಅಂಗಡಿ ಇಟ್ಟುಕೊಂಡಿದ್ದವನು. ಹೋಟೆಲೊಂದಕ್ಕೆ ತಲುಪಿಸಬೇಕಿದ್ದ ಪರದೆ, ಹಾಸು ಬಟ್ಟೆಗಳ ಗಂಟುಗಳನ್ನು ಹೇರಿಕೊಂಡು, ಎದುರುಮನೆಯವರ ಕಾರು ಕೇಳಿ ಪಡೆದು ಹೊರಟಿದ್ದ. ಇಳಿಜಾರು ರಸ್ತೆಯ ತುದಿಯಲ್ಲಿ ನೀರಿನ ಟ್ಯಾಂಕಿನ ಕಂಬಕ್ಕೆ ಗುದ್ದಿ ಅಲ್ಲೇ ಪ್ರಾಣ ಬಿಟ್ಟಿದ್ದ. ಅವಳು ಇನ್ಸ್‌ಪೆಕ್ಟರ ಮೇಜಿನೆದುರು ಕೂತು, ಯಾರದೋ ಮನೆಯ ಸುದ್ದಿ ಹೇಳುವವಳಂತೆ ಹೇಳಿದಳು.

"ಬ್ರೇಕು ಹಿಡಿದಿಲ್ಲ ಸಾರ್. ಮೇಲಿಂದ ಕೆಳಗಿನ ತನಕ ಹಾರ್ನ್ ಹೊಡ್ಕೊಂಡೇ ಬಂದ್ರಂತೆ. ನೋಡಿದವರು ಹೇಳಿದ್ರು."

"ಕಾರು ಯಾರದು?"

"ಕ್ಲಚ್ ಮೇಷ್ಟ್ರದು. ಭಾನುವಾರ ಅವರೇ ಮನೆ ಮುಂದೆ ಚಕ್ರ ಬಿಚ್ಚಿ ಬ್ರೇಕು ರಿಪೇರಿ ಮಾಡ್ತಿದ್ರು. ಗ್ಯಾರೇಜಿಗೆ ಕೊಡೋಕೆ ಅವರಿಗೇನು ಧಾಡಿ?"

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ದಫೇದಾರರ ಕೈ ಒಂದು ಕ್ಷಣ ನಿಂತಿತು. ಇನ್ಸ್‌ಪೆಕ್ಟರು ಅದನ್ನು ಗಮನಿಸಿದರು. ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಜಾಗದಲ್ಲಿ ಕಾರಿನ ಮಾಲೀಕ.

ಆ ವರ್ಷ ಇನ್ಸ್‌ಪೆಕ್ಟರ ಕೈಗೆ ಬಂದ ಅಪಘಾತಗಳಲ್ಲಿ ಇದು ಎಷ್ಟನೆಯದೋ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೆಣ ನೋಡಿ ಬಂದ ದಿನ ಊಟ ಸೇರುತ್ತಿರಲಿಲ್ಲ. ಈಗ ಸೇರುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಒಳಗೆಲ್ಲೋ ಒಂದು ಕಡೆ ಜೋಮು ಹಿಡಿದಂತಿತ್ತು. ಜೋಮು ಹಿಡಿದ ಕಾಲನ್ನು ಊರಿಯೇ ನಡೆಯುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು.

ಜೀಪಿನಲ್ಲಿ ಹೋಗುವಾಗ ದಫೇದಾರರೇ ಬಾಯಿಬಿಟ್ಟರು.

"ನಂಗೆ ಗಾಡಿ ಕಲಿಸಿದ್ದು ಅವರೇ ಸಾರ್. ಈ ಊರಲ್ಲಿ ಅರ್ಧ ಜನಕ್ಕೆ ಅವರೇ ಗುರು. ಕ್ಲಚ್ ಬಿಡೋದು ಅಂದ್ರೆ ಮಲಗಿರೋ ಮಗು ತಲೆ ಕೆಳಗಿಂದ ಕೈ ತೆಗೆದ ಹಾಗಿರಬೇಕು ಅಂತಿದ್ರು. ಗಾಡಿ ಜಗ್ಗಿದ್ರೆ 'ಅಯ್ಯೋ, ಮಗು ಎದ್ದುಬಿಡ್ತಲ್ಲೋ' ಅಂತ ತಲೆ ಮೇಲೊಂದು ಬಿಡೋರು. ಅದಕ್ಕೇ ಕ್ಲಚ್ ಮೇಷ್ಟ್ರು ಅಂತ ಹೆಸರು ಬಂದಿದ್ದು."

"ಈಗ ಕಲಿಸೋದಿಲ್ವಾ?"

"ಡ್ರೈವಿಂಗ್ ಸ್ಕೂಲು ಮುಚ್ಚಿ ವರ್ಷವಾಯ್ತು. ಯಾಕೋ ಗೊತ್ತಿಲ್ಲ."

ಅಪಘಾತದ ಸ್ಥಳದಲ್ಲಿ ಪಂಚನಾಮೆ ಆಯಿತು. ರಸ್ತೆಯ ಮೇಲೆ ಟೈರು ಉಜ್ಜಿದ ಗುರುತು ಒಂದಿಂಚೂ ಇರಲಿಲ್ಲ. ಬಿಳಿ ಪರದೆಗಳು ಹಿಂದಿನ ಸೀಟಿನಿಂದ ಮುಂದಕ್ಕೆ ನುಗ್ಗಿ, ಒಡೆದ ಗಾಜಿನ ಮೇಲೆ ಇಸ್ತ್ರಿಯ ಮಡಿಕೆಯಲ್ಲೇ ಬಿದ್ದಿದ್ದವು. ಕಾರನ್ನು ಠಾಣೆಯ ಹಿಂದಿನ ಅಂಗಳಕ್ಕೆ ಎಳೆದು ತಂದರು. ಮಧ್ಯಾಹ್ನ ಮೋಟಾರು ವಾಹನ ನಿರೀಕ್ಷಕರು ಬಂದು, ಅಂಗಿಯ ತೋಳು ಮಡಚಿ ಕಾರಿನ ಕೆಳಗೆ ನುಗ್ಗಿದರು.

ಹೊರಬಂದು ಕೈ ಒರೆಸಿಕೊಳ್ಳುತ್ತ ಅವರು ಹೇಳಿದರು, "ಪೈಪು ಯಾರೂ ಕುಯ್ದಿಲ್ಲ. ಎಲ್ಲೂ ಸೋರಿಲ್ಲ. ನಟ್ಟುಗಳೆಲ್ಲ ಬಿಗಿಯಾಗಿವೆ. ಕೆಲಸ ಮಾಡಿದವನ ಕೈ ಶುದ್ಧ."

"ಹಾಗಿದ್ರೆ ಬ್ರೇಕ್ ಯಾಕೆ ಹಿಡೀಲಿಲ್ಲ?"

ನಿರೀಕ್ಷಕರು ಬ್ರೇಕ್ ಎಣ್ಣೆಯ ಡಬ್ಬಿಯಿಂದ ಸಿರಿಂಜಿನಲ್ಲಿ ಸ್ವಲ್ಪ ಎಳೆದು, ನೀರಿದ್ದ ಬಾಟಲಿಗೆ ಬಿಟ್ಟು ಕುಲುಕಿದರು. ನೀರಿನ ಮೇಲೆ ತೆಳ್ಳನೆಯ, ಬಣ್ಣವಿಲ್ಲದ ಪದರವೊಂದು ತೇಲಿ ನಿಂತಿತು.

"ಬ್ರೇಕ್ ಎಣ್ಣೆ ಅಂತೀವಿ, ಆದ್ರೆ ಅದು ಎಣ್ಣೆಯೇ ಅಲ್ಲ. ನೀರಲ್ಲಿ ಬೆರೆತುಹೋಗುತ್ತೆ. ಇಲ್ಲಿ ತೇಲ್ತಿರೋದು ನಿಜವಾದ ಎಣ್ಣೆ. ಇದು ತಾಗಿದ್ರೆ ಒಳಗಿನ ರಬ್ಬರ್ ಬಳೆಗಳು ಊದಿಕೊಳ್ತವೆ. ಒತ್ತಿದ ಬ್ರೇಕು ಪೂರ್ತಿ ಬಿಡೋದಿಲ್ಲ, ಚಕ್ರಕ್ಕೆ ಉಜ್ಜಿಕೊಂಡೇ ಇರುತ್ತೆ. ಗಾಡಿ ಓಡ್ತಾ ಓಡ್ತಾ ಕಾದು ಕೆಂಡವಾಗುತ್ತೆ, ಒಳಗಿನ ದ್ರವ ಕುದಿಯುತ್ತೆ. ಆಮೇಲೆ ಪೆಡಲ್ ಒತ್ತಿದ್ರೆ ಗಾಳಿ ಒತ್ತಿದ ಹಾಗೆ. ನೆಲಕ್ಕೆ ಹೋಗಿಬಿಡುತ್ತೆ."

"ಮರೆತು ಹಾಕಿರಬಹುದಾ?"

"ಹಾಕಿರಬಹುದು. ಡಬ್ಬ ಅದಲುಬದಲಾದ್ರೆ ಮುಗೀತು."

ಮಾದರಿಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು.

ಮೇಷ್ಟ್ರ ಮನೆ ಇಳಿಜಾರಿನ ಮೇಲ್ತುದಿಯಲ್ಲಿತ್ತು. ಮುಂದುಗಡೆ ಕಬ್ಬಿಣದ ಗೇಟು, ಪಕ್ಕದಲ್ಲಿ ತಗಡಿನ ಶೆಡ್ಡು. ಮುಂಬಾಗಿಲ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು ಮೇಷ್ಟ್ರ ಹೆಂಡತಿ ಕೂತಿದ್ದರು. ಪೊಲೀಸರನ್ನು ಕಂಡು ಎದ್ದರು, ಎರಡು ಕುರ್ಚಿ ಎಳೆದು ಹಾಕಿದರು, ಮತ್ತೆ ಹೋಗಿ ಯಂತ್ರದ ಮುಂದೆ ಕೂತರು. ಮಗಳು ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿಗೆ ಹೋಗಿದ್ದಳು.

ಮೇಷ್ಟ್ರು ಎತ್ತರದ ಆಳು. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು.

"ಭಾನುವಾರ ಏನೇನು ಮಾಡಿದ್ರಿ, ಹೇಳಿ."

"ಎರಡು ವರ್ಷಕ್ಕೊಂದು ಸಲ ನಾನೇ ಮಾಡ್ತೀನಿ." ಮೇಷ್ಟ್ರ ದನಿಗೆ ಪಾಠ ಹೇಳುವ ಬಿಗಿ ಬಂತು. "ಆ ದ್ರವ ಗಾಳಿಯಲ್ಲಿನ ತೇವ ಕುಡಿಯುತ್ತೆ, ಹಳೇದಾದ್ರೆ ಬೇಗ ಕುದಿಯುತ್ತೆ. ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಪ್ಯಾಡು ಉಜ್ಜಿ ಹಾಕ್ದೆ. ಡಬ್ಬಿಯಲ್ಲಿದ್ದ ಹಳೇದನ್ನ ಸಿರಿಂಜಲ್ಲಿ ತೆಗೆದು ಹೊಸದು ತುಂಬಿದೆ. ಆಮೇಲೆ ಒಂದೊಂದೇ ಚಕ್ರದ ಹತ್ರ ಗಾಳಿ ತೆಗೆಯೋದು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡೀಬೇಕು, ಇನ್ನೊಬ್ಬರು ಕೆಳಗೆ ತಿರುಪು ಸಡಿಲಿಸಿ, ಗುಳ್ಳೆಯೆಲ್ಲ ಹೊರಟ ಮೇಲೆ ಬಿಗಿ ಮಾಡ್ಬೇಕು."

"ಪೆಡಲ್ ಒತ್ತಿದ್ದು ಯಾರು?"

"ಇವಳೇ. ಮದುವೆಯಾದಾಗಿಂದ ಇವಳದ್ದೇ ಆ ಕೆಲಸ. ಹಿಂದಿನ ಎಡಗಡೆ ಚಕ್ರ ಮುಗೀತು, ಹಿಂದಿನ ಬಲಗಡೆ... ಅದಾದ ಮೇಲೆ..."

ಅವರು ಅಲ್ಲೇ ನಿಂತರು. ಬೆರಳು ಗಾಳಿಯಲ್ಲಿ ತಿರುಪು ಬಿಗಿಯುವಂತೆ ಆಡಿತು, ನಿಂತಿತು. ಹಿಡಿದಿದ್ದ ದಾರದ ತುದಿ ಕೈಜಾರಿದವರಂತೆ ಅವರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಬಟ್ಟೆಯ ಅಂಚು ಮಡಿಸುತ್ತಿದ್ದರು.

"ಹೊಸದು ತುಂಬುವಾಗ ಬೇರೆ ಎಣ್ಣೆ ಬಿದ್ದಿರಬಹುದಾ ಮೇಷ್ಟ್ರೇ?" ದಫೇದಾರರು ಮೆತ್ತಗೆ ಕೇಳಿದರು.

"ಬಿದ್ದಿರ್ಬೇಕು." ಮೇಷ್ಟ್ರು ಕೂಡಲೇ ಒಪ್ಪಿಕೊಂಡರು. "ನಾನೇ ಹಾಕಿರ್ತೀನಿ. ಈಚೆಗೆ ನಂಗೆ ನೆನಪು ಕೈಕೊಡ್ತಿದೆ ಕಣೋ. ಯಾರಿಗೂ ಹೇಳಿಲ್ಲ. ಆ ಲಾಂಡ್ರಿ ಹುಡುಗ ನಗ್ತಾ ಬಂದು ಕೀ ಕೇಳ್ದ, ನಾನೇ ಕೈಗೆತ್ತಿ ಕೊಟ್ಟೆ. ನನ್ನ ಕರ್ಕೊಂಡು ಹೋಗಿ."

ಕೇಸು ಅಲ್ಲಿಗೇ ಮುಗಿಯುತ್ತಿತ್ತು. ತಪ್ಪೊಪ್ಪಿಕೊಂಡ ಮಾಲೀಕ, ಮರೆವಿನ ಕಾರಣ, ಒಂದು ಆರೋಪಪಟ್ಟಿ. ಇನ್ಸ್‌ಪೆಕ್ಟರು ರೂಢಿಯಂತೆ ಎದ್ದು ಶೆಡ್ಡಿನ ಪಂಚನಾಮೆಗೆ ಹೋದರು. ಅರ್ಧ ಖಾಲಿಯಾದ ಬ್ರೇಕ್ ಎಣ್ಣೆಯ ಡಬ್ಬ ಸಿಕ್ಕಿತು. ಅದರ ದ್ರವ ನೀರಿನಲ್ಲಿ ಚೆನ್ನಾಗಿ ಬೆರೆಯಿತು. ಇನ್ನೊಂದು ಕ್ಯಾನಿನಲ್ಲಿ ಎಂಜಿನ್ ಎಣ್ಣೆಯಿತ್ತು, ಬೆಲ್ಲದ ಪಾಕದ ಬಣ್ಣ, ಅಷ್ಟೇ ಗಟ್ಟಿ. ಒಂದು ಡಬ್ಬಿ ಗ್ರೀಸು. ಶೆಡ್ಡಿನಲ್ಲಿ ಬೇರೆ ಎಣ್ಣೆಯೇ ಇರಲಿಲ್ಲ. ನಿರೀಕ್ಷಕರ ಬಾಟಲಿಯಲ್ಲಿ ತೇಲಿದ್ದು ನೀರಿನಷ್ಟೇ ತಿಳಿ.

ಒಳಗೆ ಹೊಲಿಗೆ ಯಂತ್ರ ಮತ್ತೆ ಶುರುವಾಯಿತು. ಕಿರ್ರ್ ಎಂದು ಹಲ್ಲು ಜುಮ್ಮೆನ್ನಿಸುವ ಸದ್ದು. ಒಳಬಂದ ದಫೇದಾರರು ಕಿವಿ ಮುಚ್ಚಿಕೊಂಡು, ಬಿಗುವು ಸಡಿಲಿಸುವಂತೆ ನಕ್ಕರು.

"ಏನಮ್ಮಾ, ಅದಕ್ಕೊಂದು ಹನಿ ಎಣ್ಣೆ ಬಿಡಬಾರದಾ?"

"ಮುಗಿದುಹೋಗಿದೆ," ಎಂದರು ಮೇಷ್ಟ್ರ ಹೆಂಡತಿ.

ಇನ್ಸ್‌ಪೆಕ್ಟರು ಆ ಮಾತನ್ನು ಕೇಳಿಸಿಕೊಂಡರು. ಠಾಣೆಗೆ ಹೊರಡುವಾಗ ಬೀದಿ ತಿರುವಿನ ದಾರ-ಗುಂಡಿ ಮಾರುವ ಅಂಗಡಿಯ ಮುಂದೆ ಜೀಪು ನಿಲ್ಲಿಸಿದರು. ಅಂಗಡಿಯಾಕೆ ನೆನಪಿಸಿಕೊಂಡು ಹೇಳಿದಳು. "ಮೇಷ್ಟ್ರ ಮನೆಯವರಾ? ಹೋದ ವಾರ ಎರಡು ಬಾಟಲಿ ಮೆಷಿನ್ ಎಣ್ಣೆ ತಗೊಂಡ್ರು. ಎರಡು ಯಾಕಕ್ಕ, ಒಂದು ಬಾಟಲಿಯೇ ವರ್ಷ ಪೂರ್ತಿ ಬರುತ್ತಲ್ಲ ಅಂದೆ. ಇರ್ಲಿ ಕೊಡಮ್ಮ ಅಂದ್ರು."

ಮುಂದಿನ ವಾರ ಪ್ರಯೋಗಾಲಯದ ವರದಿ ಬಂತು. ಬಣ್ಣವಿಲ್ಲದ ತೆಳು ಖನಿಜ ಎಣ್ಣೆ, ಹೊಲಿಗೆ ಯಂತ್ರಕ್ಕೆ ಬಳಸುವಂಥದು. ಇನ್ಸ್‌ಪೆಕ್ಟರು ದಫೇದಾರರನ್ನೂ ಮಹಿಳಾ ಪೇದೆಯೊಬ್ಬರನ್ನೂ ಜೊತೆಗೆ ಕರೆದುಕೊಂಡು ಹೊರಟರು.

ಮೇಷ್ಟ್ರು ಒಳಗೆ ಮಲಗಿದ್ದರು. ಹೆಂಡತಿಯೇ ಬಾಗಿಲು ತೆಗೆದರು.

"ಅವರನ್ನ ಕರ್ಕೊಂಡು ಹೋಗೋಕೆ ಬಂದ್ರಾ?"

"ಅವರು ತಪ್ಪು ತಮ್ಮದೇ ಅಂತಾರಲ್ಲಮ್ಮ."

"ಅವರನ್ನ ಈಗ ಏನು ಕೇಳಿದ್ರೂ ಹೌದು ಅಂತಾರೆ. ಗೊತ್ತಿಲ್ಲ ಅನ್ನೋಕೆ ನಾಚಿಕೆ." ಆಕೆ ಒಳಕೋಣೆಯ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು. "ನೀವು ಅವತ್ತೇ ಕೇಳ್ತೀರಾ ಅಂದುಕೊಂಡಿದ್ದೆ. ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಅವರು ಒಪ್ಪಿಕೊಳ್ಳೋದನ್ನ ನೋಡ್ತಾ ಹೊಲೀತಾ ಕೂತೆ."

"ಎಣ್ಣೆ ಹಾಕಿದ್ದು ಯಾವಾಗ?"

"ಸೋಮವಾರ. ಕೆಲಸ ಮಾಡಿ ಸೊಂಟ ಹಿಡ್ಕೊಂಡು ಮಲಗಿಬಿಟ್ಟಿದ್ರು. ಸಿರಿಂಜಲ್ಲಿ ಡಬ್ಬಿ ಬರಿದು ಮಾಡಿ ಎರಡೂ ಬಾಟಲಿ ಸುರಿದೆ. ಒಳಗೆ ಕೂತು ಪೆಡಲ್ ಒತ್ತಿದೆ, ಒಳಗಿಳೀಲಿ ಅಂತ."

"ಬ್ರೇಕ್ ಕೆಡಲಿ ಅಂತಲೇ?"

"ಗಾಡಿ ನಿಲ್ಲಲಿ ಅಂತ." ಮೊದಲ ಸಲ ಆಕೆ ತಲೆಯೆತ್ತಿದರು. "ಒಂದ್ಸಲ ಬ್ರೇಕ್ ದ್ರವ ಸುರಿಯೋಕೆ ಎಣ್ಣೆ ಮೆತ್ತಿದ ಲಾಳಿಕೆ ತಂದುಕೊಟ್ಟಿದ್ದಕ್ಕೆ ಕೂಗಾಡಿದ್ರು. ಒಂದು ತೊಟ್ಟು ಬಿದ್ರೂ ಬ್ರೇಕು ಕಚ್ಕೊಂಡು ಚಕ್ರ ಅಲ್ಲಾಡಲ್ಲ ಕಣೇ, ಎಲ್ಲ ಕಿತ್ತು ಬಿಸಾಕಬೇಕಾಗುತ್ತೆ ಅಂದಿದ್ರು. ಅಷ್ಟೇ ನಂಗೆ ಗೊತ್ತಿದ್ದಿದ್ದು. ಕುದಿಯುತ್ತೆ, ಪೆಡಲ್ ಬಿದ್ದುಹೋಗುತ್ತೆ ಅಂತ ಅವರು ಹೇಳಿರ್ಲಿಲ್ಲ."

ದಫೇದಾರರು ಹೇಳಿಕೆ ಬರೆಯತೊಡಗಿದರು. ಆಕೆ ನಿಧಾನವಾಗಿ, ಬರೆಯುವವರಿಗೆ ಅನುಕೂಲವಾಗಲೆಂಬಂತೆ ತಡೆತಡೆದು ಹೇಳಿದರು. ಡ್ರೈವಿಂಗ್ ಸ್ಕೂಲು ಮುಚ್ಚಿದ್ದು ಯಾಕೆ ಅಂದರೆ, ಕಲಿಯಲು ಬಂದ ಹುಡುಗಿಯನ್ನು ಕೂರಿಸಿಕೊಂಡು ಹೋದವರಿಗೆ ವಾಪಸು ಬರುವ ದಾರಿ ಗೊತ್ತಾಗಿರಲಿಲ್ಲ. ಬೇಸಿಗೆ ರಜೆಗೆ ಮುಂಚೆ ಶಾಲೆಯ ಗೇಟಿನೆದುರು ಬ್ರೇಕ್ ಬದಲು ಆಕ್ಸಿಲರೇಟರ್ ತುಳಿದರು. ಕಾರು ಮಕ್ಕಳ ಸಾಲಿನ ಪಕ್ಕದಲ್ಲೇ ಹಾದು ಬೇಲಿಗೆ ತಾಗಿತು. ಪಕ್ಕದ ಸೀಟಿನಲ್ಲಿ ಆಕೆಯಿದ್ದರು. ಮನೆಗೆ ಬಂದ ಮೇಲೆ ಮೇಷ್ಟ್ರಿಗೆ ಅದು ನೆನಪೇ ಇರಲಿಲ್ಲ. ಕೀ ಬಚ್ಚಿಟ್ಟರೆ ಇನ್ನೊಂದು ಮಾಡಿಸಿದರು. ಡಾಕ್ಟರ ಹೆಸರೆತ್ತಿದರೆ ಊಟ ಬಿಟ್ಟರು. ಅಪ್ಪ ಕಾರು ಓಡಿಸೋದು ನಿಲ್ಲಿಸಿದ್ರೆ ಹಾಸಿಗೆ ಹಿಡಿದುಬಿಡ್ತಾರೆ, ಇರ್ಲಿ ಬಿಡಮ್ಮ ಎಂದಳು ಮಗಳು.

"ಆಮೇಲೆ ನಿಮ್ಮ ಠಾಣೆಗೂ ಬಂದಿದ್ದೆ," ಎಂದರು ಆಕೆ.

ದಫೇದಾರರ ಪೆನ್ನು ನಿಂತಿತು.

"ಇವರೇ ಇದ್ರು. ಹೇಗಾದ್ರೂ ಅವರ ಲೈಸೆನ್ಸ್ ಕಿತ್ಕೊಳ್ಳಿ ಅಂತ ಬೇಡ್ಕೊಂಡೆ. ಇವರು ನಕ್ಕುಬಿಟ್ರು. ಟೀ ತರಿಸಿಕೊಟ್ರು. 'ಕ್ಲಚ್ ಮೇಷ್ಟ್ರಿಗೆ ಗಾಡಿ ಓಡಿಸಬೇಡಿ ಅನ್ನೋಕೆ ನಂಗೇನು ತಲೆ ಕೆಟ್ಟಿದೆಯಾ ಅಕ್ಕ' ಅಂದ್ರು."

ದಫೇದಾರರು ಇನ್ಸ್‌ಪೆಕ್ಟರ ಮುಖ ನೋಡಿದರು.

"ಬರೀರಿ," ಎಂದರು ಇನ್ಸ್‌ಪೆಕ್ಟರು.

ದಫೇದಾರರು ಬರೆದರು.

"ಬುಧವಾರ ಲಾಂಡ್ರಿಯವನು ಬಂದಾಗ ನೀವೆಲ್ಲಿದ್ರಿ?"

"ಗೇಟಿನ ಹತ್ರ."

"ಕಾರು ತಗೊಂಡು ಹೋಗಬೇಡ ಅನ್ನಬಹುದಿತ್ತು."

"ಅನ್ನಬೇಕಿತ್ತು. ಯಾಕೆ ಅಂತ ಕೇಳಿದ್ರೆ ನಮ್ಮನೆಯವರ ಎದುರು ಏನು ಹೇಳ್ಲಿ? ಹೇಗೂ ಗಾಡಿ ಅಲ್ಲಾಡೋದಿಲ್ಲ, ಅವನೇ ಇಳಿದು ಬಂದು ಕೆಟ್ಟಿದೆ ಮೇಷ್ಟ್ರೇ ಅಂತಾನೆ ಅಂದುಕೊಂಡೆ. ಗಾಡಿ ಹೊರಟಿತು. ಸ್ವಲ್ಪ ಜಗ್ಗಿದ ಹಾಗಾಯ್ತು, ಆದ್ರೂ ಹೋಯ್ತು. ಊರೆಲ್ಲ ಒಂದು ಸುತ್ತು ಹಾಕಿ, ಗಂಟುಗಳನ್ನ ಹೇರಿಕೊಂಡು ಇದೇ ದಾರಿಯಲ್ಲಿ ಇಳಿದ. ಆಗ್ಲೂ ನಾನು ಗೇಟಲ್ಲೇ ಇದ್ದೆ. ಕೈ ಬೀಸಿದ. ನಾನೂ ಬೀಸಿದೆ. ಆಮೇಲೆ ಹಾರ್ನ್ ಕೇಳಿಸ್ತು."

ಆಕೆ ಅಳಲಿಲ್ಲ. ಇನ್ಸ್‌ಪೆಕ್ಟರು ತಮ್ಮೊಳಗೆ ಕೋಪಕ್ಕಾಗಿ, ಕನಿಕರಕ್ಕಾಗಿ ತಡಕಾಡಿದರು. ಎರಡೂ ಕೈಗೆ ಸಿಗಲಿಲ್ಲ.

ಪಂಚರ ಸಮಕ್ಷಮದಲ್ಲಿ ಆಕೆ ಚಿಂದಿ ಬಟ್ಟೆಯ ಚೀಲದ ತಳದಿಂದ ಎರಡು ಖಾಲಿ ಬಾಟಲಿಗಳನ್ನು ತೆಗೆದುಕೊಟ್ಟರು. ಎಫ್‌ಐಆರ್‌ನ ಕಲಮು ಬದಲಾಯಿತು: ಕೊಲೆಯಲ್ಲದ ನರಹತ್ಯೆ. ಮಧ್ಯಾಹ್ನ ದಸ್ತಗಿರಿ. ಡ್ಯೂಟಿಯಿಂದ ಓಡಿಬಂದ ಮಗಳಿಗೆ ಆಕೆ ಮಾತ್ರೆಯ ಡಬ್ಬಿ ಎಲ್ಲಿದೆ, ಅಪ್ಪನಿಗೆ ಯಾವ ಲೋಟದಲ್ಲಿ ಕೊಟ್ಟರೆ ಕುಡಿಯುತ್ತಾರೆ, ಯಾರ ಬಟ್ಟೆ ಹೊಲಿಗೆ ಅರ್ಧಕ್ಕೆ ನಿಂತಿದೆ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ತಾವೇ ಜೀಪಿನತ್ತ ನಡೆದರು. ಮಹಿಳಾ ಪೇದೆ ಹಿಂದೆ ಬಂದಳು. ಒಳಗೆ ಎಚ್ಚರಾದ ಮೇಷ್ಟ್ರು ಯಾರು ಬಂದಿದ್ದು ಎಂದು ಕೇಳುತ್ತಿದ್ದರು.

ಸಂಜೆ ದೂರುದಾರಳನ್ನು ಠಾಣೆಗೆ ಕರೆಸಿ ವಿಷಯ ತಿಳಿಸಿದರು. ದಸ್ತಗಿರಿಯಾದದ್ದು ಮೇಷ್ಟ್ರಲ್ಲ, ಎದುರುಮನೆಯ ಅಕ್ಕ. ತನ್ನ ಮಗಳ ಶಾಲೆಯ ಬಟ್ಟೆಗಳನ್ನೆಲ್ಲ ಹೊಲಿದವರು.

"ಗಾಡಿ ನಿಲ್ಲಿಸಬೇಕು ಅಂತ ಇಷ್ಟೆಲ್ಲ ಮಾಡಿದ್ರಾ?"

"ಹೌದು."

"ಅದಕ್ಕಿಂತ ಮುಂಚೆ ಬಾಯಿಬಿಟ್ಟು ಯಾರ ಹತ್ರಾನಾದ್ರೂ ಒಂದು ಮಾತು ಹೇಳಬಾರದಿತ್ತಾ ಸಾರ್?"

ಗೋಡೆಯ ಪಕ್ಕ ನಿಂತಿದ್ದ ದಫೇದಾರರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಹೇಳಿದ್ರಮ್ಮ," ಎಂದರು. "ನನ್ನ ಹತ್ರ ಹೇಳಿದ್ರು."