ತೋಳಿಗೇರದ ವಂಕಿ

ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಸೀರೆಗಳ ಮಡಿಕೆ ಕೆಟ್ಟಿರಲಿಲ್ಲ. ಚಿನ್ನದ ವಂಕಿ ಮಾತ್ರ ಮಾಯವಾಗಿತ್ತು.

"ಕೆಲಸದಾಕಿನ ತಗೊಂಡಾಳ್ರಿ, ಮತ್ಯಾರು?" ಎಂದಳು ಕಣ್ಣು ಮಂಜಾದ ಮುದುಕಿ ಇಂದ್ರಾಬಾಯಿ. ಪೆಟ್ಟಿಗೆಯ ಕೀಲಿ ಅವಳ ತಲೆದಿಂಬಿನ ಕೆಳಗೇ ಇರುತ್ತಿತ್ತು. ಮೂಲೆಯಲ್ಲಿ ದಾನವ್ವ ತಲೆ ತಗ್ಗಿಸಿ ನಿಂತಿದ್ದಳು.

1973ರ ಮೇ ತಿಂಗಳು. ಮುಂಬಯಿಯ ಮಲಾಡಿನ ಆ ಮೂರನೇ ಮಹಡಿಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ವಿಜಾಪುರದ ಬಟ್ಟೆ ವ್ಯಾಪಾರಿಯ ಮನೆ. ಯಜಮಾನ ಸೊಲ್ಲಾಪುರಕ್ಕೆ ಹೋಗಿದ್ದ. ಠಾಣೆಗೆ ಓಡಿಬಂದು ದೂರು ಕೊಟ್ಟವನು ಅವನ ತಮ್ಮ ಶಂಕ್ರೆಪ್ಪ.

ಸಬ್ ಇನ್ಸ್‌ಪೆಕ್ಟರ್ ಬಸವಂತರಾಯ ಬೆಳಗಾವಿ ಕಡೆಯವನು. ಕಳ್ಳಿಯನ್ನು ತಾವೇ ಆರಿಸಿಟ್ಟು ಪೊಲೀಸರನ್ನು ಕರೆಯುವ ಮನೆಗಳನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ದಾನವ್ವ ಒಮ್ಮೆ ಲಾಕಪ್ಪು ಕಂಡರೆ ಸಾಕು, ಈ ಬಿಲ್ಡಿಂಗಿನ ಯಾವ ಮನೆಯೂ ಅವಳನ್ನು ಒಳಗೆ ಬಿಡುವುದಿಲ್ಲ. ನಿಜ ತಿಳಿಯದೆ ಅವಳನ್ನು ಇಲ್ಲಿಂದ ಒಯ್ಯಬಾರದೆಂದು ಅವನು ನಿಶ್ಚಯಿಸಿಕೊಂಡ.

\* \* \*

ಶಂಕ್ರೆಪ್ಪ ಅವನನ್ನು ಗ್ಯಾಲರಿಗೆ ಕರೆದು ದನಿ ತಗ್ಗಿಸಿದ.

"ಅತ್ತಿಗಿ ಅಪೆಂಡಿಕ್ಸ್ ಆಪರೇಷನ್ ಮಾಡಿಸ್ಕೊಂಡು ಬಂದ ಸಂಜಿ, ದವಾಖಾನ್ಯಾಗ ಆಕಿ ಜೋಡಿಗಿದ್ದ ದಾನವ್ವ ಆಕಿ ತೋಳಿಗೆ ವಂಕಿ ಏರಸಾಕತ್ತಿದ್ಲು. ದೀಪ ಹಚ್ಚೂ ಹೊತ್ತು. ಬಾಗಲದಿಂದ ಕಣ್ಣಾರೆ ನೋಡೀನ್ರಿ."

"ಅತ್ತಿಗಿ ಏನಂತಾರ?"

"ಆಕಿಗೆ ಔಷಧದ ಮಂಪರ್ರಿ. ನೆನಪಿರಾಕಿಲ್ಲ."

ಒಳಗೆ ಕಸ್ತೂರಿಬಾಯಿ ಮಂಚದ ಮೇಲೆ ಕೂತಿದ್ದಳು. ಅಂಥ ಸೆಖೆಯಲ್ಲೂ ಮೈತುಂಬ ಶಾಲು. ಇನ್ಸ್‌ಪೆಕ್ಟರನ್ನು ಕಂಡು ಸರಕ್ಕನೆ ಎದ್ದು ನಿಂತಳು. ಆ ರಭಸಕ್ಕೆ ತಲೆಯ ಮೇಲಿನ ಸೆರಗು ಜಾರಿತು.

ಎದುರಿಗೆ ಅತ್ತೆ, ಪರ ಗಂಡಸು. ಆದರೂ ಅವಳು ಕೈ ಎತ್ತಲಿಲ್ಲ. "ದಾನವ್ವಾ" ಎಂದಳು ಮೆಲ್ಲಗೆ. ದಾನವ್ವ ಓಡಿ ಬಂದು ಸೆರಗು ಹೊದಿಸಿದಳು.

"ದವಾಖಾನಿಯಿಂದ ಬಂದ ಸಂಜಿ ವಂಕಿ ಹಾಕ್ಕೊಂಡಿದ್ರೇನ್ರಿ ಬಾಯಾರ?"

ಕಸ್ತೂರಿಬಾಯಿ ಅತ್ತೆಯ ಕಡೆ ನೋಡಿದಳು. "ನೆನಪಿಲ್ರಿ."

ಅಡುಗೆಮನೆಯಲ್ಲಿ ದಾನವ್ವನನ್ನೂ ಅದನ್ನೇ ಕೇಳಿದ.

"ಅದನ್ನ ನಾ ಹೇಳಂಗಿಲ್ರಿ ಸಾಹೇಬ್ರ. ಬಾಯಾರಿಗೆ ಮಾತು ಕೊಟ್ಟೀನಿ."

"ಜೇಲಿಗೆ ಹೋಗ್ತಿ."

"ಹೋಗ್ತೀನ್ರಿ."

ಕದ್ದವಳು ಹೀಗೆ ಮಾತಾಡುವುದಿಲ್ಲ. ಬಸವಂತರಾಯ ಟೋಪಿ ಎತ್ತಿಕೊಂಡು ಲೋಕಲ್ ರೈಲು ಹಿಡಿದ.

\* \* \*

ಕಸ್ತೂರಿಬಾಯಿಗೆ ಆಪರೇಷನ್ ಆದ ಸಾಂತಾಕ್ರೂಜಿನ ನರ್ಸಿಂಗ್ ಹೋಮು ಸಣ್ಣದು. ಡಾಕ್ಟರು ಪೇಶಂಟಿನ ಬಗ್ಗೆ ತುಟಿ ಬಿಚ್ಚಲಿಲ್ಲ.

"ಬೇಡ ಬಿಡಿ. ನಿಮ್ಮಲ್ಲಿ ಅಪೆಂಡಿಕ್ಸ್ ಆಪರೇಷನ್ ಮಾಡುತ್ತೀರಾ?"

"ಇಲ್ಲ. ಮೂಗು ತಿದ್ದುತ್ತೇವೆ. ಹೊಟ್ಟೆ, ತೋಳುಗಳ ಕೊಬ್ಬು ತೆಗೆಯುತ್ತೇವೆ."

"ತೋಳಿನದಾದರೆ?"

"ಕಂಕುಳಿನಿಂದ ಮೊಣಕೈವರೆಗೆ ಹೊಲಿಗೆ. ಮೇಲೆ ಪಟ್ಟಿ. ಕೆಲವು ದಿನ ಕೈ ಎತ್ತುವ ಹಾಗಿಲ್ಲ."

\* \* \*

ಹಿಂತಿರುಗಿದವನು ಕಸ್ತೂರಿಬಾಯಿಯ ಹತ್ತಿರ ಒಬ್ಬನೇ ಕೂತ. "ನಾ ಗುಟ್ಟು ಬಿಡಂಗಿಲ್ಲ. ಆದ್ರ ನೀವು ಬಾಯಿ ಬಿಡಲಿಲ್ಲಂದ್ರ ಆಕಿ ಲಾಕಪ್ಪಿಗೆ."

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು ನಡುಮನೆಗೆ ಬಂದಳು.

"ದಾನವ್ವಾ, ಶಾಲು ತಗಿ."

"ಬಾಯಾರ, ಬ್ಯಾಡ್ರಿ."

"ತಗಿ ಅಂದೆ."

ಶಾಲು ಸರಿಯಿತು. ಎರಡೂ ತೋಳಿಗೆ ಕಂಕುಳಿನಿಂದ ಮೊಣಕೈವರೆಗೆ ಬಿಳಿ ಪಟ್ಟಿ. ಇಂದ್ರಾಬಾಯಿ "ಶಿವನ!" ಎಂದು ಎದೆ ಹಿಡಿದುಕೊಂಡಳು.

"ವಂಕಿ ನನ್ನ ತೋಳಿಗೆ ಏರತಿದ್ದಿಲ್ಲ. ಮದುವಿ ಮನ್ಯಾಗ ನೀವು ದಾರ ಹಾಕಿ ಕಟ್ಟಿದ್ರಿ, ಎಲ್ಲಾರೂ ನಕ್ರು" ಎಂದಳು ಕಸ್ತೂರಿಬಾಯಿ ಅತ್ತೆಗೆ. "ಅದಕ್ಕ ತೋಳು ಕೊಯ್ಸ್ಕೊಂಡೆ. ನಿಮ್ಮ ಮಗಗ ಗೊತ್ತೈತಿ."

ಬಸವಂತರಾಯ ಶಂಕ್ರೆಪ್ಪನ ಕಡೆ ತಿರುಗಿದ.

"ಹೊಟ್ಟಿ ಕೊಯ್ಸ್ಕೊಂಡಾಕಿ ಸರಕ್ಕನ ಎದ್ದು ನಿಲ್ಲಂಗಿಲ್ಲ. ಅತ್ತಿ ಮುಂದ ಸೆರಗು ಜಾರಿದ್ರ ಕೈ ಎತ್ತದ ಇರಂಗಿಲ್ಲ. ಅಲ್ಲೇ ನನಗ ಸಂಶಯ ಬಂತು. ಈ ತೋಳಿಗೆ ವಂಕಿ ಏರಸೂದನ್ನ ನೀ ಕಣ್ಣಾರೆ ನೋಡಿದಿ?"

ಶಂಕ್ರೆಪ್ಪನ ಮುಖ ಕಪ್ಪಿಟ್ಟಿತು.

"ಬಾಯಾರು ದವಾಖಾನ್ಯಾಗ ಇದ್ದಾಗ ದಾನವ್ವನೂ ಹಗಲೂ ರಾತ್ರಿ ಅಲ್ಲೇ. ಮನ್ಯಾಗ ನೀನು, ಕಣ್ಣು ಮಂಜಾದ ತಾಯಿ, ಆಕಿ ತಲಿದಿಂಬಿನ ಕೆಳಗ ಕೀಲಿ. ಆಗ ಕಳುವಾತಂದ್ರ ನಿನ್ನ ಮ್ಯಾಲೇ ಬರತೈತಿ. ಅದಕ್ಕ ಅವರು ಬಂದ ಮ್ಯಾಲೂ ವಂಕಿ ಇತ್ತು ಅಂತ ಸುಳ್ಳು ಹೇಳಿದಿ. ಅಪೆಂಡಿಕ್ಸ್ ಅಂತ ನಂಬಿದ್ದಿ. ತೋಳೇ ಕೊಯ್ದಾರ ಅಂತ ಗೊತ್ತಿದ್ದಿಲ್ಲ."

ಊರಿಗೆ ಹೊರಡಲು ಶಂಕ್ರೆಪ್ಪ ಕಟ್ಟಿಟ್ಟಿದ್ದ ಹಾಸಿಗೆ ಸುರುಳಿಯನ್ನು ಜೊತೆಗೆ ಬಂದಿದ್ದ ಪೇದೆ ಬಿಚ್ಚಿದ. ನಡುವೆ ಹಸಿರು ಖಣ, ಅದರೊಳಗೆ ವಂಕಿ.

"ಊರಾಗ ನನ್ನ ಬಸುರಿ ಹೆಂಡತಿಗೆ ಕುಬಸದ ಕಾರ್ಯ ಐತ್ರಿ" ಎಂದ ಶಂಕ್ರೆಪ್ಪ. "ಅವ್ವನ ವಂಕಿ ಹಿರೀ ಸೊಸಿಗಷ್ಟ ಯಾಕ? ನನ್ನಾಕಿ ತೋಳಿಗೆ ಸರಿ ಕೂಡತೈತಿ."

"ಕೇಳಿದ್ರ ಕೊಡ್ತಿದ್ದೆ" ಎಂದಳು ಕಸ್ತೂರಿಬಾಯಿ.

ದಾನವ್ವ ತನ್ನ ಚೀಲ ಹಿಡಿದು ಬಾಗಿಲಿಗೆ ಹೋಗಿದ್ದಳು. ಕಸ್ತೂರಿಬಾಯಿಯ ಸೆರಗು ಮತ್ತೆ ಜಾರಿತು. ದಾನವ್ವ ನೋಡಿದಳು, ಚೀಲ ಕೆಳಗಿಟ್ಟಳು, ಬಂದು ಸೆರಗು ಹೊದಿಸಿ ಶಾಲು ಸರಿಮಾಡಿದಳು.

"ನಾಳೆ ಬರ್ತೀಯಲ್ಲ?"

"ನಿಮಗ ಕೊಟ್ಟ ಮಾತು ನಾ ಉಳಿಸಿದ್ನಿ" ಎಂದಳು ದಾನವ್ವ. "ನನ್ನ ಒಯ್ಯಾಕ ಬಂದಾಗ ನೀವು ನೆನಪಿಲ್ಲ ಅಂದ್ರಿ. ಬ್ಯಾರೇದವ್ರನ್ನ ನೋಡ್ಕೋರಿ ಬಾಯಾರ."

ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು.